ಹಲ್ಲು ಬರೆದಿಟ್ಟ ದಿನಚರಿ

ಮನುಷ್ಯನಿಗೆ ಹಲ್ಲು ಬರೋದು ಎರಡೇ ಸಲ. ಹಾಲುಹಲ್ಲು ಬಿದ್ದ ಮೇಲೆ ಬಂದದ್ದನ್ನು ಕಡೇತನಕ ಜೋಪಾನ ಮಾಡ್ಕೋಬೇಕು, ಇಲ್ಲಾಂದ್ರೆ ಡೆಂಟಿಸ್ಟ್ ಹತ್ರ ಸಾವಿರಗಟ್ಟಲೆ ಸುರೀಬೇಕು. ಮೊಸಳೆಗೆ ಈ ಚಿಂತೆ ಇಲ್ಲ. ಒಂದು ಹಲ್ಲು ಬಿದ್ದರೆ ಅದರ ಬುಡದಲ್ಲೇ ಇನ್ನೊಂದು ಕಾಯ್ತಾ ಇರುತ್ತೆ. ಡೈನೋಸಾರ್‌ಗಳ ಬಾಯಿಯೂ ಹೀಗೇ ಇತ್ತು. ಪ್ರಾಣಿ ಸಾಯೋದು ಒಂದೇ ಸಲ, ಆದ್ರೆ ಬದುಕಿದ್ದಷ್ಟು ಕಾಲ ಅದು ಉದುರಿಸೋ ಹಲ್ಲು ನೂರಾರು. ಅದರ ಮೇಲೆ ಹಲ್ಲಿನ ಹೊರಪದರ, ಅಂದರೆ ಎನಾಮೆಲ್, ದೇಹದಲ್ಲೇ ಅತಿ ಗಟ್ಟಿ ವಸ್ತು. ಮಾಂಸ ಕೊಳೆತು, ಮೂಳೆ ಪುಡಿಯಾಗಿ, ನದಿ ಅದನ್ನೆಲ್ಲ ಕೊಚ್ಚಿಕೊಂಡು ಹೋದ ಮೇಲೂ ಹಲ್ಲು ಉಳಿಯುತ್ತೆ. ಪ್ರಾಚೀನ ಸರೀಸೃಪಗಳಲ್ಲಿ ಎಷ್ಟೋ ಜಾತಿಗಳ ಪರಿಚಯ ನಮಗೆ ಮೊದಲು ಆಗಿದ್ದೇ ಹಲ್ಲಿನಿಂದ.

ನಾನು ಓದಿದ್ದು ಬಿಇ, ಮಾಡೋದು ಸಾಫ್ಟ್‌ವೇರ್ ಕೆಲಸ. ಪಳೆಯುಳಿಕೆಗೂ ನನಗೂ ಇರೋದು ವೀಕೆಂಡ್ ನಂಟು. ಮನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ ಇದೆ, ಅದರ ಮೇಲೆ ಕೂರಿಸೋಕೆ ಒಂದು ಹಳೇ ಕ್ಯಾಮೆರಾ ಇದೆ, ಆನ್‌ಸೈಟ್‌ಗೆ ಹೋದಾಗ ಕಲ್ಲುಗಳ ಅಂಗಡಿಯೊಂದರಲ್ಲಿ ಕೊಂಡ ಒಂದು ಮೊಸಸಾರ್ ಹಲ್ಲು ಇದೆ. ಮೊಸಸಾರ್ ಅಂದ್ರೆ ಡೈನೋಸಾರ್ ಅಲ್ಲ, ಅದೇ ಕಾಲದಲ್ಲಿ ಸಮುದ್ರದಲ್ಲಿದ್ದ ದೈತ್ಯ ಹಲ್ಲಿ. ಇಂಥ ಹಲ್ಲುಗಳು ಮೊರಾಕ್ಕೊ ದೇಶದ ಫಾಸ್ಫೇಟ್ ಗಣಿಗಳಲ್ಲಿ ರಾಶಿರಾಶಿ ಸಿಗೋದರಿಂದ ಬೆಲೆ ಕಡಿಮೆ, ಒಂದು ಒಳ್ಳೆ ಊಟದ ಬಿಲ್‌ನಷ್ಟು. ಆರೂವರೆ ಕೋಟಿ ವರ್ಷಕ್ಕಿಂತ ಹಳೇ ವಸ್ತುವನ್ನು ಅಷ್ಟು ದುಡ್ಡಿಗೆ ಅಂಗೈಯಲ್ಲಿ ಇಟ್ಕೊಳ್ಳಬಹುದು ಅನ್ನೋದೇ ನನಗೆ ಇವತ್ತಿಗೂ ನಂಬೋಕಾಗದ ಮಾತು.

ಅದನ್ನ ಲೆನ್ಸಿನ ಕೆಳಗಿಟ್ಟು ಫೋಟೊ ತೆಗೆಯೋಕೆ ಶುರು ಮಾಡಿದ ಮೇಲೆ ಒಂದು ಪ್ರಶ್ನೆ ಹಿಡ್ಕೊಳ್ತು. ಹಲ್ಲೊಂದನ್ನು ನೋಡಿ ಇಡೀ ಪ್ರಾಣಿಯ ಕಥೆ ಹೇಳೋ ವಿದ್ಯೆಯನ್ನ ಮೊದಲು ಕಲಿತವರು ಯಾರು? ಅವರು ಹೇಳಿದ್ದನ್ನ ಉಳಿದವರು ಯಾಕೆ ನಂಬಿದರು? ಹುಡುಕುತ್ತಾ ಹೋದರೆ ದಾರಿ ಇಂಗ್ಲೆಂಡಿನ ಲೂಯಿಸ್ ಅನ್ನೋ ಊರಿನ ಒಬ್ಬ ಡಾಕ್ಟರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೆ.

ಗಿಡಿಯನ್ ಮ್ಯಾಂಟೆಲ್ ಚಪ್ಪಲಿ ಹೊಲಿಯುವವನ ಮಗ. ಕಷ್ಟಪಟ್ಟು ವೈದ್ಯ ಕಲಿತು ಸಸೆಕ್ಸ್ ಪ್ರಾಂತ್ಯದ ಲೂಯಿಸ್‌ನಲ್ಲಿ ಪ್ರಾಕ್ಟೀಸ್ ಶುರು ಮಾಡಿದ್ದ. ಹಗಲೆಲ್ಲ ರೋಗಿಗಳು, ಹೆರಿಗೆಗಳು. ಉಳಿದ ಹೊತ್ತಲ್ಲೆಲ್ಲ ಕಲ್ಲು. ಸುತ್ತಲಿನ ಕಲ್ಲುಗಣಿಗಳ ಕೆಲಸಗಾರರ ಜೊತೆ ಸ್ನೇಹ ಬೆಳೆಸಿ, ಏನಾದರೂ ವಿಚಿತ್ರವಾದದ್ದು ಸಿಕ್ಕರೆ ತನಗೆ ಕೊಡಿ ಅಂತ ಹೇಳಿಟ್ಟಿದ್ದ. ಹೆಂಡತಿ ಮೇರಿ ಆನ್ ಚಿತ್ರ ಬಿಡಿಸುತ್ತಿದ್ದಳು. 1822ರಲ್ಲಿ ಬಂದ ಮ್ಯಾಂಟೆಲ್‌ನ ಮೊದಲ ಪುಸ್ತಕದ 42 ಚಿತ್ರಫಲಕಗಳನ್ನು ಕೆತ್ತಿದ್ದು ಆಕೆಯೇ.

ಆ ಹೊತ್ತಿಗೇ ಅವರ ಕೈಗೆ ಕೆಲವು ದೊಡ್ಡ ಹಲ್ಲುಗಳು ಬಂದವು. ಕಂದುಬಣ್ಣ, ಅಂಚಿನಲ್ಲಿ ಗರಗಸದಂಥ ಹಲ್ಲುಗಚ್ಚು, ತುದಿ ಮಾತ್ರ ಸವೆದು ಚಪ್ಪಟೆ. ಗಂಡ ರೋಗಿಯನ್ನು ನೋಡೋಕೆ ಒಳಗೆ ಹೋಗಿದ್ದಾಗ ರಸ್ತೆ ಬದಿಯ ಜಲ್ಲಿ ರಾಶಿಯಲ್ಲಿ ಮೇರಿ ಆನ್‌ಗೆ ಇದು ಸಿಕ್ಕಿತು ಅನ್ನೋ ಕಥೆ ಬಹಳ ಪ್ರಸಿದ್ಧ. ಇತಿಹಾಸಕಾರರು ಇದನ್ನ ಪೂರ್ತಿ ಒಪ್ಪೋದಿಲ್ಲ. ಮ್ಯಾಂಟೆಲ್ ಒಂದು ಕಡೆ ಹೆಂಡತಿಗೆ ಸಿಕ್ಕಿತು ಅಂತ ಬರೆದ, ಅವಳು ಮನೆ ಬಿಟ್ಟು ಹೋದ ಎಷ್ಟೋ ವರ್ಷದ ಮೇಲೆ ತಾನೇ ಹುಡುಕಿದೆ ಅಂತ ಬರೆದ. ಯಾರಿಗೆ ಸಿಕ್ಕಿತು ಅನ್ನೋದು ಬಗೆಹರಿಯದಿದ್ದರೂ, ಅದರ ಬೆಲೆ ಗೊತ್ತಾಗಿದ್ದು ಆ ಮನೆಯಲ್ಲಿ ಅನ್ನೋದರಲ್ಲಿ ಅನುಮಾನ ಇಲ್ಲ.

ಸವೆದ ತುದಿಯೇ ತಕರಾರಿನ ಮೂಲ. ಹಲ್ಲು ಹಾಗೆ ಚಪ್ಪಟೆಯಾಗಿ ಸವೆಯಬೇಕಾದರೆ ಪ್ರಾಣಿ ಸೊಪ್ಪುಸದೆ ಅಗಿದಿರಬೇಕು. ಆ ಕಾಲಕ್ಕೆ ಗೊತ್ತಿದ್ದ ಸರೀಸೃಪಗಳಲ್ಲಿ ಹೀಗೆ ಅಗಿಯೋದು ಯಾವುದೂ ಇರಲಿಲ್ಲ. ಅಗಿಯೋದು ದನ, ಕುದುರೆ, ಖಡ್ಗಮೃಗ ಇಂಥವು. ಆದರೆ ಮ್ಯಾಂಟೆಲ್ ಲೆಕ್ಕದ ಪ್ರಕಾರ ಆ ಕಲ್ಲು ಸಸ್ತನಿಗಳಿಗೆಲ್ಲ ತೀರಾ ಹಳೇದು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ಅದು ಮೀನಿನ ಹಲ್ಲಿರಬೇಕು ಅಂದ. 1823ರಲ್ಲಿ ಗೆಳೆಯ ಚಾರ್ಲ್ಸ್ ಲಯೆಲ್ ಒಂದು ಹಲ್ಲನ್ನು ಪ್ಯಾರಿಸ್‌ಗೆ ಒಯ್ದು ಜಾರ್ಜ್ ಕೂವಿಯೇಗೆ ತೋರಿಸಿದ. ಕೂವಿಯೇ ಅಂದರೆ ಆ ಕಾಲದ ಸುಪ್ರೀಂ ಕೋರ್ಟು. ಒಂದು ನೋಟ ನೋಡಿ ಖಡ್ಗಮೃಗದ ಮುಂದಿನ ಹಲ್ಲು ಅಂದುಬಿಟ್ಟ.

ನಮ್ಮಲ್ಲಿ ಎಷ್ಟು ಜನ ಅಲ್ಲಿಗೇ ಕೈಬಿಡ್ತಿದ್ವಿ ಯೋಚನೆ ಮಾಡಿ. ಜಗತ್ತಿನ ಅತಿ ದೊಡ್ಡ ತಜ್ಞ ಹೇಳಿಬಿಟ್ಟಿದ್ದಾನೆ, ನಾವು ಜಿಲ್ಲಾ ಕೇಂದ್ರದ ಒಬ್ಬ ಡಾಕ್ಟರು. ಮ್ಯಾಂಟೆಲ್ ಬಿಡಲಿಲ್ಲ. ಇನ್ನಷ್ಟು ಹಲ್ಲು ಒಟ್ಟುಮಾಡಿದ. ಬೇರೆಬೇರೆ ಹಂತಕ್ಕೆ ಸವೆದವು, ಇನ್ನೂ ಸವೆಯದೇ ಇರುವವು, ಎಲ್ಲವನ್ನೂ ಸಾಲಾಗಿ ಜೋಡಿಸಿದ. ಕೂವಿಯೇಗೆ ಮತ್ತೆ ಕಳಿಸಿದ. 1824ರಲ್ಲಿ ಕೂವಿಯೇ ತನ್ನ ಮೊದಲ ಮಾತನ್ನ ವಾಪಸ್ ತಗೊಂಡು, ಇದು ಹೊಸ ಪ್ರಾಣಿಯೇ ಇರಬಹುದು, ಸಸ್ಯಾಹಾರಿ ಸರೀಸೃಪ ಇರಬಹುದು ಅಂತ ಬರೆದ. ಆಮೇಲೆ ಮ್ಯಾಂಟೆಲ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಮ್ಯೂಸಿಯಂಗೆ ಹೋಗಿ ಹೋಲಿಕೆಗೆ ಸಿಗುವ ಹಲ್ಲಿಗಾಗಿ ಹುಡುಕಾಡಿದ. ಅಲ್ಲಿದ್ದ ಸ್ಯಾಮ್ಯುಯೆಲ್ ಸ್ಟಚ್‌ಬರಿ ಅನ್ನೋ ಸಹಾಯಕ, ಇದು ನಾನು ಈಚೆಗೆ ಸಿದ್ಧಮಾಡಿದ ಇಗುವಾನಾ ಹಲ್ಲಿನ ಥರ ಇದೆಯಲ್ಲ ಅಂತ ತೋರಿಸಿದ. ಇಗುವಾನಾ ಅಮೆರಿಕದ ಒಂದು ಜಾತಿ ಹಲ್ಲಿ. ಆಕಾರ ಅದೇ, ಅಳತೆ ಮಾತ್ರ ಸುಮಾರು 20 ಪಟ್ಟು. 1825ರಲ್ಲಿ ಮ್ಯಾಂಟೆಲ್ ಅದಕ್ಕೆ ಇಗುವಾನೊಡಾನ್ ಅಂತ ಹೆಸರಿಟ್ಟ. ಇಗುವಾನಾ ಹಲ್ಲು ಅಂತಲೇ ಅರ್ಥ. ಡೈನೋಸಾರ್ ಅನ್ನೋ ಪದ ಹುಟ್ಟೋಕೆ ಇನ್ನೂ 17 ವರ್ಷ ಬಾಕಿ ಇತ್ತು.

ಇಲ್ಲಿಯವರೆಗಿನ ಕೆಲಸ ಎಲ್ಲ ಬರಿಗಣ್ಣಿನದು, ಹೆಚ್ಚೆಂದರೆ ಕೈಲೆನ್ಸಿನದು. ಹಲ್ಲಿನ ಒಳಗೆ ಇಣುಕಬೇಕಾದರೆ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಬೇಕು. ಆ ವಿದ್ಯೆ ಬಂದದ್ದು ಎಡಿನ್‌ಬರೋದಿಂದ. ವಿಲಿಯಂ ನಿಕೋಲ್ ಅನ್ನುವವನು ಪಳೆಯುಳಿಕೆ ಮರದ ಚೂರನ್ನು ಒಂದು ಕಡೆ ನುಣ್ಣಗೆ ತೇಯ್ದು, ಆ ಮುಖವನ್ನ ಕೆನಡಾ ಬಾಲ್ಸಮ್ ಅನ್ನೋ ಮರದ ಅಂಟಿನಿಂದ ಗಾಜಿಗೆ ಕೂರಿಸಿ, ಆಮೇಲೆ ಇನ್ನೊಂದು ಕಡೆಯಿಂದ ತೇಯುತ್ತಾ ಹೋಗುತ್ತಿದ್ದ. ಕೂದಲಿಗಿಂತ ತೆಳ್ಳಗಾದ ಮೇಲೆ ಕಲ್ಲು ಬಣ್ಣದ ಗಾಜಿನ ಹಾಗೆ ಕಾಣುತ್ತೆ, ಒಳಗಿನ ಒಂದೊಂದು ಕೋಶವೂ ಎದ್ದು ಬರುತ್ತೆ. 1831ರಲ್ಲಿ ಹೆನ್ರಿ ವಿಥಮ್ ಈ ಪದ್ಧತಿಯನ್ನು ಪುಸ್ತಕದಲ್ಲಿ ಪ್ರಕಟಿಸಿದ. ಇವತ್ತಿಗೂ ಭೂವಿಜ್ಞಾನದ ಲ್ಯಾಬುಗಳಲ್ಲಿ ಮೂಲ ವಿಧಾನ ಇದೇ. ಯಂತ್ರ ಬಂದಿದೆ, ಅಂಟು ಬದಲಾಗಿದೆ, ಅಷ್ಟೇ.

ಈ ಅಸ್ತ್ರವನ್ನು ಹಲ್ಲಿನ ಮೇಲೆ ದೊಡ್ಡ ಪ್ರಮಾಣದಲ್ಲಿ ಹೂಡಿದವನು ರಿಚರ್ಡ್ ಓವೆನ್. ಡೈನೋಸಾರ್ ಅನ್ನೋ ಪದ ಕೊಟ್ಟವನೂ ಇವನೇ, 1842ರಲ್ಲಿ. 1840ರಿಂದ 1845ರ ನಡುವೆ ಅವನು ಹೊರತಂದ 'ಒಡಾಂಟೊಗ್ರಫಿ' ಮೀನಿನಿಂದ ಹಿಡಿದು ಮನುಷ್ಯನ ತನಕ ಹಲ್ಲುಗಳ ಒಳರಚನೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದ ಗ್ರಂಥ. ಅದರಲ್ಲಿರುವ ಒಂದು ಪ್ರಕರಣ ನನಗೆ ತುಂಬಾ ಇಷ್ಟ. ಇಂಗ್ಲೆಂಡಿನ ವಾರಿಕ್ ಸುತ್ತಮುತ್ತಲ ಮರಳುಗಲ್ಲಿನಲ್ಲಿ ಕೆಲವು ಮುರುಕು ಹಲ್ಲುಗಳು ಸಿಕ್ಕಿದ್ದವು. ಹೊರಗಿನಿಂದ ನೋಡಿದರೆ ಸಾಧಾರಣ ಶಂಕುವಿನಾಕಾರ, ಯಾವ ಪ್ರಾಣಿಯದ್ದು ಬೇಕಾದರೂ ಇರಬಹುದು. ಓವೆನ್ ಅಡ್ಡಕ್ಕೆ ಕತ್ತರಿಸಿ ತೇಯ್ದು ನೋಡಿದರೆ ಒಳಗೆ ಚಕ್ರವ್ಯೂಹ! ಹಲ್ಲಿನ ಗೋಡೆ ನೂರಾರು ಸಲ ಮಡಚಿಕೊಂಡು ಒಳಕ್ಕೆ ಹೋಗಿತ್ತು. ಜರ್ಮನಿಯ ವ್ಯುರ್ಟೆಂಬರ್ಗ್‌ನಲ್ಲಿ ಸಿಕ್ಕಿದ್ದ ಇನ್ನೊಂದು ಪ್ರಾಣಿಯ ಹಲ್ಲನ್ನೂ ಕತ್ತರಿಸಿದ. ಅದರಲ್ಲೂ ಅದೇ ಚಕ್ರವ್ಯೂಹ. ಅಂದರೆ ಎರಡೂ ಒಂದೇ ಬಳಗದ್ದು. ಹಾಗಾದರೆ ಸಮುದ್ರದ ಆಚೆ ಈಚೆ ಇರುವ ಆ ಎರಡು ಕಲ್ಲಿನ ಪದರಗಳೂ ಹೆಚ್ಚುಕಡಿಮೆ ಒಂದೇ ಕಾಲದ್ದು. ಲ್ಯಾಬಿರಿಂಥೊಡಾನ್, ಅಂದರೆ ಚಕ್ರವ್ಯೂಹದ ಹಲ್ಲು, ಅಂತ ಹೆಸರಿಟ್ಟ. ಆಗ ಅದನ್ನ ಸರೀಸೃಪಗಳ ಲೆಕ್ಕಕ್ಕೆ ಸೇರಿಸಿದ್ದರು, ಈಗ ಅದು ಕಪ್ಪೆಗಳ ದೂರದ ನೆಂಟ ಅಂತಾರೆ. ಆದರೂ ಬೆರಳ ತುದಿಯಷ್ಟು ಹಲ್ಲಿನ ಒಳಗಿನಿಂದ ಎರಡು ದೇಶಗಳ ನೆಲದ ವಯಸ್ಸನ್ನ ತಾಳೆ ಹಾಕಿದ್ದು ಸಣ್ಣ ಕೆಲಸ ಅಲ್ಲ.

ಇಲ್ಲೊಂದು ತೊಡಕಿದೆ. ಓವೆನ್ ನೋಡಿದ್ದು ಓವೆನ್‌ಗೆ ಮಾತ್ರ ಕಾಣುತ್ತಿತ್ತು. ಓದುಗನಿಗೆ ಸಿಗುತ್ತಿದ್ದದ್ದು ಅದನ್ನು ನೋಡಿ ಬಿಡಿಸಿದ ಚಿತ್ರ. ಮೈಕ್ರೋಸ್ಕೋಪಿನ ಚಿತ್ರ ಬಿಡಿಸುವವನು ತನಗೆ ಅರ್ಥವಾದದ್ದನ್ನು ಬಿಡಿಸುತ್ತಾನೆ. ಅರ್ಥವಾಗದ ಕಲೆ, ಬಿರುಕು, ಕಸ ಎಲ್ಲ ಕೈಬಿಟ್ಟು ಹೋಗುತ್ತೆ. ಮುಂದೆ ಯಾರಿಗೋ ಅದೇ ಕಸವೇ ಮುಖ್ಯ ಅನ್ನಿಸಿದರೆ? ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಲಾಗ್ ಫೈಲನ್ನೇ ಕಳಿಸದೆ ಅದರ ಸಾರಾಂಶವನ್ನ ಮಾತ್ರ ಈಮೇಲ್ ಮಾಡಿದ ಹಾಗೆ. ಸಾರಾಂಶ ಬರೆದವನು ಎಷ್ಟೇ ಪ್ರಾಮಾಣಿಕ ಆದರೂ ಅದರಿಂದ ಡೀಬಗ್ ಮಾಡೋಕಾಗಲ್ಲ.

ಫೋಟೊ ಬಂದದ್ದು ಇದೇ ಹೊತ್ತಿನಲ್ಲಿ. 1839ರಲ್ಲಿ ಫೋಟೊಗ್ರಫಿ ಜಗತ್ತಿಗೆ ಘೋಷಣೆಯಾದಾಗಲೇ ಹೆನ್ರಿ ಫಾಕ್ಸ್ ಟಾಲ್ಬಟ್ ಸೂರ್ಯನ ಬೆಳಕಿನ ಮೈಕ್ರೋಸ್ಕೋಪಿನಿಂದ ಚಿಕ್ಕ ವಸ್ತುಗಳ ಹಿಗ್ಗಿಸಿದ ಚಿತ್ರಗಳನ್ನು ತೆಗೆದಿದ್ದ. 1845ರಲ್ಲಿ ಪ್ಯಾರಿಸ್‌ನ ವೈದ್ಯ ಆಲ್ಫ್ರೆಡ್ ಡೊನೆ, ಲಿಯೋನ್ ಫೂಕೊ ಅನ್ನೋ ತರುಣನ ಜೊತೆ ಸೇರಿ ರಕ್ತಕಣ ಮೊದಲಾದವುಗಳ ಮೈಕ್ರೋಸ್ಕೋಪ್ ಫೋಟೊಗಳ ಅಟ್ಲಾಸ್ ಹೊರತಂದ. ಭೂಮಿ ತಿರುಗೋದನ್ನು ಲೋಲಕದಿಂದ ತೋರಿಸಿದ ಫೂಕೊ ಇವನೇ. ಆಗಿನ ಡಾಗೆರೋಟೈಪ್ ಫೋಟೊ ಒಂದು ಲೋಹದ ಹಲಗೆಯ ಮೇಲೆ ಒಂದೇ ಪ್ರತಿ, ಅದನ್ನ ಪುಸ್ತಕದಲ್ಲಿ ಅಚ್ಚು ಹಾಕೋಕೆ ಆಗ್ತಿರಲಿಲ್ಲ. ಹಾಗಾಗಿ ಫೋಟೊ ನೋಡಿ ಮತ್ತೆ ಕೆತ್ತನೆಗಾರನ ಕೈಲೇ ಕೆತ್ತಿಸಬೇಕಾಯ್ತು. ಆದರೂ ದಾರಿ ತೆರೆದಿತ್ತು. ನೋಡಿದವನ ಮಾತನ್ನ ನಂಬಬೇಕಾಗಿಲ್ಲ, ಬೆಳಕು ತಾನೇ ಬರೆದದ್ದನ್ನ ನೋಡಬಹುದು.

ಮ್ಯಾಂಟೆಲ್ ಏನಾದ ಅಂತ ಹೇಳದೆ ಮುಂದೆ ಹೋಗೋದು ಸರಿಯಲ್ಲ. ಕಲ್ಲಿನ ಹುಚ್ಚು ಪ್ರಾಕ್ಟೀಸನ್ನು ತಿಂದುಹಾಕಿತು. ದೊಡ್ಡವರು ಬರುವ ಊರು ಅಂತ ಬ್ರೈಟನ್‌ಗೆ ಮನೆ ಬದಲಾಯಿಸಿದ. ರೋಗಿಗಳ ಬದಲು ಪಳೆಯುಳಿಕೆ ನೋಡುವ ಜನ ಬಂದರು. ಮನೆಯೇ ಮ್ಯೂಸಿಯಂ ಆಗಿಹೋಯ್ತು. 1838ರಲ್ಲಿ ಇಡೀ ಸಂಗ್ರಹವನ್ನು 4,000 ಪೌಂಡಿಗೆ ಬ್ರಿಟಿಷ್ ಮ್ಯೂಸಿಯಂಗೆ ಮಾರಬೇಕಾಯ್ತು. ಮರುವರ್ಷ ಮೇರಿ ಆನ್ ಮನೆ ಬಿಟ್ಟು ಹೋದಳು. ಮಗ ವಾಲ್ಟರ್ ನ್ಯೂಜಿಲೆಂಡಿನ ಹಡಗು ಹತ್ತಿದ. 1840ರಲ್ಲಿ ಮಗಳು ತೀರಿಕೊಂಡಳು. 1841ರಲ್ಲಿ ಗಾಡಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯ್ತು. ಅಲ್ಲಿಂದಾಚೆಗೆ ನೋವು ತಡೆಯೋಕೆ ಅಫೀಮೇ ಗತಿ.

ಅಷ್ಟಾದರೂ ಅವನು ನೋಡೋದನ್ನ ಬಿಡಲಿಲ್ಲ. 1846ರಲ್ಲಿ ಮೈಕ್ರೋಸ್ಕೋಪಿನಲ್ಲಿ ಕಾಣುವ ಜೀವಿಗಳ ಬಗ್ಗೆಯೇ ಜನಸಾಮಾನ್ಯರಿಗೆ ಒಂದು ಪುಸ್ತಕ ಬರೆದ. 1848ರಲ್ಲಿ ಇಗುವಾನೊಡಾನ್‌ನ ಕೆಳದವಡೆ ಕಡೆಗೂ ಸಿಕ್ಕಾಗ ಅದರ ಹಲ್ಲುಗಳ ರಚನೆ ಬಗ್ಗೆ ಪ್ರಬಂಧ ಮಂಡಿಸಿದ. ಓವೆನ್ ವಿರೋಧ ಮಾಡಿದರೂ 1849ರಲ್ಲಿ ರಾಯಲ್ ಸೊಸೈಟಿ ಅವನಿಗೆ ಪದಕ ಕೊಟ್ಟಿತು. 1852ರಲ್ಲಿ ಅಫೀಮು ಹೆಚ್ಚಾಗಿ ತೀರಿಕೊಂಡ. ಸತ್ತ ಮೇಲೆ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಶ್ರದ್ಧಾಂಜಲಿ ಬಂತು. ಅದರಲ್ಲಿ ಹೊಗಳಿಕೆಗಿಂತ ಕೊಂಕೇ ಜಾಸ್ತಿ. ಬರೆದದ್ದು ಓವೆನ್ನೇ ಅಂತ ಬಹಳ ಜನ ನಂಬಿದ್ದಾರೆ. ಇನ್ನೊಂದು ಸಂಗತಿ ಕೇಳಿದರೆ ಮೈ ಜುಂ ಅನ್ನುತ್ತೆ. ಮ್ಯಾಂಟೆಲ್‌ನ ಆ ಡೊಂಕಾದ ಬೆನ್ನುಮೂಳೆಯನ್ನ ತೆಗೆದು ಇಟ್ಟದ್ದು ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಮ್ಯೂಸಿಯಂನಲ್ಲಿ, ಆಗ ಅಲ್ಲಿನ ಉಸ್ತುವಾರಿ ಓವೆನ್‌ನದೇ.

ಇನ್ನು ಹಲ್ಲಿನ ಒಳಗಿನ ಗೆರೆಗಳ ವಿಷಯಕ್ಕೆ ಬರೋಣ. ಎನಾಮೆಲ್‌ನ ಒಳಗಡೆ ಇರೋದು ಡೆಂಟಿನ್ ಅನ್ನೋ ಪದರ. ತೆಳ್ಳಗೆ ತೇಯ್ದು ಬೆಳಕಿಗೆ ಹಿಡಿದರೆ ಅದರಲ್ಲಿ ಸಣ್ಣಸಣ್ಣ ಗೆರೆಗಳು ಒಂದರ ಪಕ್ಕ ಒಂದು ಕಾಣ್ತವೆ, ಕತ್ತರಿಸಿದ ಮರದ ಬಳೆಗಳ ಹಾಗೆ. ಮರದ್ದು ವರ್ಷಕ್ಕೊಂದು ಬಳೆ. ಇದು ದಿನಕ್ಕೊಂದು. ಆಸ್ಟ್ರಿಯಾದ ವಿಕ್ಟರ್ ಫಾನ್ ಎಬ್ನರ್ ಅನ್ನೋ ವಿಜ್ಞಾನಿಯ ಹೆಸರಿನಿಂದ ಇವನ್ನು ಫಾನ್ ಎಬ್ನರ್ ಗೆರೆಗಳು ಅಂತಾರೆ. ಒಂದೊಂದರ ನಡುವೆ ಇರೋ ಜಾಗ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು.

ಹಲ್ಲು ನೋಡಿ ವಯಸ್ಸು ಹೇಳೋದು ನಮ್ಮ ಹಳ್ಳಿಯವರಿಗೆ ಹೊಸದೇನಲ್ಲ. ದನದ ಜಾತ್ರೆಯಲ್ಲಿ ಅಪ್ಪ ಮೊದಲು ನೋಡ್ತಿದ್ದದ್ದು ಎತ್ತಿನ ಬಾಯಿ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು, ಆಮೇಲೆ ಬಾಯಿಗೂಡಿದ್ದು. ಮಾರೋನು ಏನೇ ಹೇಳಲಿ, ಹಲ್ಲು ಬೇರೆ ಹೇಳಿದರೆ ವ್ಯಾಪಾರ ಅಲ್ಲಿಗೇ ಮುಗೀತು. ಆದರೆ ಈ ಲೆಕ್ಕ ನಡೆಯೋದು ಹಲ್ಲು ಒಂದೇ ಸಲ ಬದಲಾಗುವ ಪ್ರಾಣಿಗೆ. ಜೀವಮಾನವಿಡೀ ಹಲ್ಲು ಬದಲಿಸುವ ಸರೀಸೃಪದ ಹತ್ತಿರ ಹಲ್ಲು ಎಣಿಸಿ ಏನೂ ಪ್ರಯೋಜನ ಇಲ್ಲ. ಅಲ್ಲಿ ಹಲ್ಲಿನ ಒಳಗಿನ ಗೆರೆ ಎಣಿಸಬೇಕು.

1996ರಲ್ಲಿ ಅಮೆರಿಕದ ಗ್ರೆಗರಿ ಎರಿಕ್ಸನ್ ಮಾಡಿದ್ದು ಇದನ್ನೇ. ಬದುಕಿರುವ ಅಲಿಗೇಟರ್ ಮರಿಗಳಲ್ಲಿ ದಿನಕ್ಕೊಂದು ಗೆರೆ ಬೀಳುತ್ತೆ ಅನ್ನೋದನ್ನು ಮೊದಲು ಖಚಿತ ಮಾಡಿಕೊಂಡು, ಆಮೇಲೆ ಡೈನೋಸಾರ್ ಹಲ್ಲುಗಳಲ್ಲಿ ಎಣಿಸಿದರು. ಲೆಕ್ಕ ತುಂಬಾ ಸರಳ. ದವಡೆಯಲ್ಲಿ ಕೆಲಸ ಮಾಡುತ್ತಿರುವ ಹಲ್ಲಿನಲ್ಲಿ ಉದಾಹರಣೆಗೆ 300 ಗೆರೆ ಇದೆ ಅಂದ್ಕೊಳ್ಳಿ. ಅದರ ಬುಡದಲ್ಲಿ ಬೆಳೆಯುತ್ತಿರುವ ಬದಲಿ ಹಲ್ಲಿನಲ್ಲಿ 200. ಮೊದಲನೆಯದು ಹುಟ್ಟಿದ 100 ದಿನಕ್ಕೆ ಎರಡನೆಯದು ಹುಟ್ಟಿದೆ. ಅಂದರೆ ಆ ಜಾಗದಲ್ಲಿ ಸುಮಾರು 100 ದಿನಕ್ಕೊಂದು ಹೊಸ ಹಲ್ಲು. ಎರಡು ಟೈಮ್‌ಸ್ಟ್ಯಾಂಪ್ ತಗೊಂಡು ಕಳೆಯೋದು, ಅಷ್ಟೇ.

ಹೀಗೆ ಕಳೆದಾಗ ಬಂದ ಉತ್ತರಗಳು ನೋಡಿ. ಟಿರಾನೊಸಾರಸ್ ರೆಕ್ಸ್ ಒಂದು ಹಲ್ಲು ಬದಲಿಸೋಕೆ 777 ದಿನ, ಎರಡು ವರ್ಷಕ್ಕೂ ಜಾಸ್ತಿ. ಅದರ ಹಲ್ಲು ಬಾಳೆಹಣ್ಣಿನಷ್ಟು ದಪ್ಪ, ಬೆಳೆಯೋಕೆ ಹೊತ್ತು ಬೇಕು. ಉದ್ದ ಕತ್ತಿನ ಸಸ್ಯಾಹಾರಿ ಡಿಪ್ಲೊಡೋಕಸ್‌ಗೆ 35 ದಿನ, ಕಮರಾಸಾರಸ್‌ಗೆ 62 ದಿನ, ಇದು 2013ರಲ್ಲಿ ಮೈಕೆಲ್ ಡಿ'ಎಮಿಕ್ ತಂಡ ಹೇಳಿದ್ದು. ಪೆನ್ಸಿಲ್‌ನಂಥ ಸಣ್ಣ ಹಲ್ಲಿನಿಂದ ದಿನವಿಡೀ ಸೊಪ್ಪು ಕೀಳುತ್ತಿದ್ದರೆ ತಿಂಗಳಿಗೊಂದು ಹೊಸದು ಬೇಕಾಗಿತ್ತು. ಅದೇ ತಂಡದವರು 2019ರಲ್ಲಿ ಮಡಗಾಸ್ಕರ್‌ನ ಮಜುಂಗಸಾರಸ್ ಅನ್ನೋ ಮಾಂಸಾಹಾರಿಯನ್ನು ನೋಡಿದರು. ಎರಡು ತಿಂಗಳಿಗೊಂದು ಹಲ್ಲು! ಮಾಂಸಾಹಾರಿಗೆ ಇದು ವಿಪರೀತ ಬೇಗ. ಮೂಳೆ ಕಡಿದು ಕಡಿದು ಹಲ್ಲು ಸವೆಯುತ್ತಿದ್ದಿರಬೇಕು ಅಂತ ಊಹೆ. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕಿದ ನಮ್ಮ ರಾಜಾಸಾರಸ್ ಈ ಮಜುಂಗಸಾರಸ್‌ನ ಹತ್ತಿರದ ಸಂಬಂಧಿ. ಭಾರತವೂ ಮಡಗಾಸ್ಕರ್ ದ್ವೀಪವೂ ಒಂದು ಕಾಲಕ್ಕೆ ಅಂಟಿಕೊಂಡೇ ಇದ್ದವಲ್ಲ.

ಫೋಟೊ ತೆಗೆಯೋ ಕಷ್ಟವನ್ನೂ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಈ ವಿಜ್ಞಾನದ ನಂಬಿಕೆ ನಿಂತಿರೋದು ಅದರ ಮೇಲೆ. ಮೈಕ್ರೋಸ್ಕೋಪಿನಲ್ಲಿ ಎಷ್ಟು ಹಿಗ್ಗಿಸ್ತೀರೋ ಫೋಕಸ್ ಅಷ್ಟು ತೆಳುವಾಗುತ್ತೆ. ನನ್ನ ಮೊಸಸಾರ್ ಹಲ್ಲು ಬಾಗಿದೆ. ತುದಿ ಸ್ಪಷ್ಟವಾಗಿ ಕಂಡರೆ ಪಕ್ಕದ ಏಣು ಮಂಜು, ಏಣು ಕಂಡರೆ ತುದಿ ಮಂಜು. ಎನಾಮೆಲ್ ಬೇರೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ, ಬಲ್ಬಿನ ಬಿಂಬವೇ ಫೋಟೊದಲ್ಲಿ ಬರುತ್ತೆ. ಹೊಳಪು ತಗ್ಗಿಸೋಕೆ ಬೆಳಕಿನ ಮುಂದೊಂದು, ಲೆನ್ಸಿನ ಮುಂದೊಂದು ಪೋಲರೈಸಿಂಗ್ ಫಿಲ್ಟರ್ ಅಡ್ಡಡ್ಡ ಇಡ್ತಾರೆ. ಲ್ಯಾಬುಗಳಲ್ಲಿ ನವಸಾಗರದ ಹೊಗೆ ಹಿಡಿದು ಹಲ್ಲಿನ ಮೇಲೆ ಬಿಳಿ ಪುಡಿಯ ತೆಳು ಲೇಪ ಬರಿಸೋದೂ ಉಂಟು. ಆಗ ಬಣ್ಣವೆಲ್ಲ ಮುಚ್ಚಿಹೋಗಿ ಉಬ್ಬುತಗ್ಗು ಮಾತ್ರ ಎದ್ದು ಕಾಣುತ್ತೆ, ಕೆಲಸ ಆದ ಮೇಲೆ ಒರೆಸಿದರೆ ಹೋಗುತ್ತೆ.

ಫೋಕಸ್ ಸಮಸ್ಯೆಗೆ ಪರಿಹಾರ ನಮ್ಮ ಕಸುಬಿನಿಂದಲೇ ಬಂದಿದೆ. ಹಲ್ಲನ್ನು ಕೂದಲೆಳೆಯಷ್ಟು ಕೂಡ ಅಲ್ಲ, ಕೆಲವೇ ಮೈಕ್ರಾನ್ ಏರಿಸುತ್ತಾ ಐವತ್ತೋ ನೂರೋ ಫೋಟೊ ತೆಗೀಬೇಕು. ಸಾಫ್ಟ್‌ವೇರ್ ಪ್ರತಿ ಜಾಗದಲ್ಲೂ ಅಕ್ಕಪಕ್ಕದ ಪಿಕ್ಸೆಲ್‌ಗಳ ವ್ಯತ್ಯಾಸ ನೋಡುತ್ತೆ. ವ್ಯತ್ಯಾಸ ಚುರುಕಾಗಿದ್ದ ಕಡೆ ಫೋಕಸ್ ಇದೆ ಅಂತ ಲೆಕ್ಕ. ಅಂಥವನ್ನೇ ಆರಿಸಿ ಒಂದು ಚಿತ್ರ ಹೊಲಿಯುತ್ತೆ. ಫಲಿತಾಂಶ ಅದ್ಭುತ. ಬರಿಗಣ್ಣಿಗೆ ನುಣುಪಾಗಿ ಕಾಣುವ ಹಲ್ಲಿನ ಮೈಮೇಲೆ ಉದ್ದುದ್ದ ಏಣುಗಳು, ಕೊರೆದ ಗೀರುಗಳು, ಬುಡದಲ್ಲಿ ವ್ಯಾಪಾರಿ ಮರಳು ಮತ್ತು ಅಂಟು ಕಲಸಿ ಮೆತ್ತಿದ ತೇಪೆ, ಎಲ್ಲ ಬಯಲಾಗುತ್ತೆ. ಆದರೆ ಒಂದು ಎಚ್ಚರ ಬೇಕು. ಹೀಗೆ ಬಂದ ಚಿತ್ರವನ್ನು ಯಾವ ಕಣ್ಣೂ ಒಂದೇ ನೋಟದಲ್ಲಿ ನೋಡಿಲ್ಲ. ಅಂಚುಗಳಲ್ಲಿ ಸಾಫ್ಟ್‌ವೇರ್ ತಾನೇ ಸುಳ್ಳು ಪ್ರಭಾವಳಿ ಹುಟ್ಟಿಸೋದುಂಟು. ಅದಕ್ಕೇ ಮೂಲ ಫೋಟೊಗಳನ್ನೆಲ್ಲ ಇಟ್ಕೊಳ್ಳಬೇಕು, ಅಳತೆಪಟ್ಟಿ ಹಾಕಬೇಕು, ಏನೇನು ಮಾಡಿದೆ ಅಂತ ಬರೆದಿಡಬೇಕು. ಚಿತ್ರಕಾರನ ಕೈಯನ್ನು ದಾಟಿ ಬಂದಿದ್ದೀವಿ, ಅಲ್ಗಾರಿದಮ್ಮಿನ ಕೈಯನ್ನು ದಾಟಿಲ್ಲ.

ಮೂಲವನ್ನು ಇಟ್ಟುಕೊಳ್ಳೋದು ಯಾಕೆ ಮುಖ್ಯ ಅನ್ನೋದಕ್ಕೆ ಒಂದು ಒಳ್ಳೆ ಪ್ರಕರಣ ಇದೆ. ಮಾಂಸಾಹಾರಿ ಡೈನೋಸಾರ್ ಹಲ್ಲಿನ ಅಂಚಿನಲ್ಲಿ ಗರಗಸದಂಥ ಕಚ್ಚುಗಳಿವೆ. ಎರಡು ಕಚ್ಚುಗಳ ನಡುವೆ ಒಳಕ್ಕೆ ಹೋಗುವ ಸಣ್ಣ ಗೆರೆಗಳು ಕಾಣುತ್ತಿದ್ದವು. ಬೇಟೆ ಕಡಿಯುವಾಗ ಆದ ಬಿರುಕು ಅಂತ ಅಂದುಕೊಂಡಿದ್ದರು. 2015ರಲ್ಲಿ ಕೆನಡಾದ ಕರ್ಸ್ಟಿನ್ ಬ್ರಿಂಕ್ ಮತ್ತು ಜೊತೆಗಾರರು ಹಲ್ಲುಗಳನ್ನ ತೆಳ್ಳಗೆ ತೇಯ್ದು ನೋಡಿದರು. ಇನ್ನೂ ದವಡೆಯಿಂದ ಹೊರಗೇ ಬರದ, ಏನನ್ನೂ ಕಡಿಯದ ಎಳೇ ಹಲ್ಲಿನಲ್ಲೂ ಆ ಗೆರೆ ಇತ್ತು! ಏನನ್ನೂ ಕಡಿಯದ ಹಲ್ಲಿಗೆ ಕಡಿದ ಬಿರುಕು ಎಲ್ಲಿಂದ ಬರಬೇಕು? ಅದು ಹಲ್ಲು ಬೆಳೆಯುವಾಗಲೇ ಮೂಡುವ ಮಡಿಕೆ, ಕಚ್ಚು ಮುರಿಯದ ಹಾಗೆ ಬಲ ಕೊಡುವ ವ್ಯವಸ್ಥೆ. ಹಳೇ ಕಾಲದ ಚಿತ್ರಕಾರ ಆಗಿದ್ದರೆ ಆ ಬಿರುಕನ್ನು ಕಸ ಅಂತ ಕೈಬಿಡುತ್ತಿದ್ದನೋ ಏನೋ.

ನಮ್ಮ ನೆಲದ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ ಕೂತು ಡೈನೋಸಾರ್ ಹಲ್ಲು ಹುಡುಕೋದು ವ್ಯರ್ಥ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ಹಲ್ಲು ಅನ್ನೋ ವಸ್ತು ಭೂಮಿ ಮೇಲೆ ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನದು. ಭಾರತದ ಡೈನೋಸಾರ್ ಕಥೆ ಶುರುವಾಗೋದು ಜಬಲ್ಪುರದಲ್ಲಿ. 1828ರಲ್ಲಿ, ಥಗ್ಗರ ಬೇಟೆಗೆ ಹೆಸರಾದ ವಿಲಿಯಂ ಸ್ಲೀಮನ್, ಅಲ್ಲಿ ಕಲ್ಲಾದ ಮೂಳೆಗಳನ್ನು ಕಂಡ. ಡೈನೋಸಾರ್ ಅನ್ನೋ ಪದಕ್ಕಿಂತ 14 ವರ್ಷ ಮೊದಲು! 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಆ ಮೂಳೆಗಳಿಗೆ ಟೈಟನೋಸಾರಸ್ ಇಂಡಿಕಸ್ ಅಂತ ಹೆಸರಿಟ್ಟ. ಆಮೇಲೆ ಅವು ಎಲ್ಲೋ ಕಳೆದುಹೋದವು. ಬಹಳ ಕಾಲ ಜಗತ್ತಿನ ವಿಜ್ಞಾನಿಗಳ ಹತ್ತಿರ ಇದ್ದದ್ದು ಲಿಡೆಕ್ಕರನ ವಿವರಣೆ ಮತ್ತು ಚಿತ್ರ ಮಾತ್ರ. 2012ರಲ್ಲಿ ಕೋಲ್ಕತಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲೇ ಧನಂಜಯ ಮೊಹಬೆ ಮತ್ತು ಸಂಗಡಿಗರಿಗೆ ಮತ್ತೆ ಸಿಕ್ಕವು. ಮೂಳೆ ಎಲ್ಲಿಗೂ ಹೋಗಿರಲಿಲ್ಲ, ಯಾವ ಪೆಟ್ಟಿಗೆಯಲ್ಲಿದೆ ಅನ್ನೋದು ಮರೆತುಹೋಗಿತ್ತು.

ನನಗೆ ಈ ವಿಷಯದಲ್ಲಿ ಮುಖ್ಯ ಅನ್ನಿಸೋದು ಇದೇ. ಪಳೆಯುಳಿಕೆ ಆರೇಳು ಕೋಟಿ ವರ್ಷ ನೆಲದಲ್ಲಿ ಭದ್ರವಾಗಿರುತ್ತೆ. ಅದಕ್ಕೆ ಅಪಾಯ ಶುರುವಾಗೋದು ನಮ್ಮ ಕೈಗೆ ಬಂದ ಮೇಲೆ. ಮಾರಾಟವಾಗುತ್ತೆ, ಕಳೆದುಹೋಗುತ್ತೆ, ಯುದ್ಧದಲ್ಲಿ ಸುಟ್ಟುಹೋಗುತ್ತೆ. ಕೊನೆಗೆ ವಿಜ್ಞಾನವೇ ಅದನ್ನ ಕತ್ತರಿಸುತ್ತೆ. ಗೆರೆ ಎಣಿಸಬೇಕಾದರೆ ಹಲ್ಲನ್ನು ಸೀಳಬೇಕು, ಸೀಳಿದ್ದನ್ನು ಮತ್ತೆ ಕೂಡಿಸೋಕಾಗಲ್ಲ. ಕತ್ತರಿಸುವ ಮೊದಲು ಎಲ್ಲ ಕಡೆಯಿಂದ ತೆಗೆದ ಫೋಟೊ, ಕತ್ತರಿಸಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ತೆಗೆದ ಫೋಟೊ, ಇವೆರಡೇ ಮುಂದಿನವರಿಗೆ ನಾವು ಕೊಡೋ ಲೆಕ್ಕ. ಕೂವಿಯೇನಂಥವನು ಒಂದು ನೋಟದಲ್ಲಿ ತೀರ್ಪು ಕೊಟ್ಟಾಗ, ಮ್ಯಾಂಟೆಲ್‌ನಂಥವನು ಇನ್ನೊಂದು ಸಲ ನೋಡಿ ಸ್ವಾಮಿ ಅಂತ ಕೇಳಬೇಕಾದರೆ ನೋಡೋಕೆ ಏನಾದರೂ ಉಳಿದಿರಬೇಕಲ್ಲ.

ಅಂದಹಾಗೆ, ಇಗುವಾನೊಡಾನ್‌ನ ಆ ಮೊದಮೊದಲ ಹಲ್ಲುಗಳಲ್ಲಿ ಒಂದು ಇವತ್ತು ಲಂಡನ್ನಿನಲ್ಲಿಲ್ಲ. ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ವಾಲ್ಟರ್‌ನ ಮನೆತನದವರ ಕೈಯಿಂದ ಅದು ವೆಲ್ಲಿಂಗ್ಟನ್ ನಗರದ ಟೆ ಪಾಪಾ ಮ್ಯೂಸಿಯಂಗೆ ಬಂದು ಸೇರಿದೆ. ಅಪ್ಪನ ಮನೆ, ಸಂಸಾರ, ಸಂಗ್ರಹ ಎಲ್ಲ ಚದುರಿಹೋದರೂ ಆ ಮನೆಯವರು ಒಂದು ಕಂದುಬಣ್ಣದ ಸವೆದ ಹಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.